ಅನಾಟಮಿ ಕಲಿಸಲು ಕಲಿತ ವರ್ಷಗಳು

ವೈದ್ಯಕೀಯ ಪದವಿ ಮುಗಿಸಿ ಅಂಗರಚನಾಶಾಸ್ತ್ರದಲ್ಲಿ ಸ್ನಾತಕೋತ್ತರ ಓದುತ್ತೇನೆ ಎಂದಾಗ ಹೆಚ್ಚಿನವರು ಕೇಳಿದ್ದು ಒಂದೇ ಮಾತು: ಮೊದಲ ವರ್ಷದಲ್ಲೇ ಓದಿ ಮುಗಿಸಿದ ವಿಷಯವಲ್ಲವೇ, ಮತ್ತೆ ಓದಲು ಏನು ಉಳಿದಿದೆ? ನನಗೆ ಆ ವಿಷಯವನ್ನು ಕಲಿಸುವ ಆಸೆಯಿತ್ತು. ಪರೀಕ್ಷೆ ಪಾಸಾಗುವಷ್ಟು ತಿಳಿದಿರುವುದು ಒಂದು, ಆಗಷ್ಟೇ ಕಾಲೇಜಿಗೆ ಕಾಲಿಟ್ಟ ವಿದ್ಯಾರ್ಥಿಯ ಕೈಗೆ ಸ್ಕಾಲ್ಪೆಲ್ ಕೊಟ್ಟು ಪಕ್ಕದಲ್ಲಿ ನಿಲ್ಲುವುದು ಇನ್ನೊಂದು. ಈ ಎರಡರ ನಡುವೆ ಎಷ್ಟು ದೂರವಿದೆ ಎಂಬುದು ತರಬೇತಿಯ ಉದ್ದಕ್ಕೂ ನನ್ನ ಅರಿವಿಗೆ ಬರುತ್ತಲೇ ಹೋಯಿತು. ಈ ದಾರಿ ಹಿಡಿಯಬೇಕೆಂದಿರುವವರಿಗೆ ಉಪಯೋಗವಾದೀತೆಂದು ಅದನ್ನು ಬರೆದಿಡುತ್ತಿದ್ದೇನೆ.

ತರಬೇತಿ ಶುರುವಾದದ್ದು ಎಂಬಾಮಿಂಗ್ ಕೋಣೆಯಲ್ಲಿ, ಅಂದರೆ ದೇಹ ಕೊಳೆಯದಂತೆ ದ್ರಾವಣ ತುಂಬಿ ಕಾಪಿಡುವ ಕೋಣೆಯಲ್ಲಿ. ಪದವಿ ಓದುವಾಗ ಮೇಜಿನ ಮೇಲೆ ಸಿದ್ಧವಾಗಿ ಮಲಗಿದ್ದ ದೇಹವನ್ನಷ್ಟೇ ನೋಡಿರುತ್ತೇವೆ. ಅದು ಅಲ್ಲಿಯವರೆಗೆ ಹೇಗೆ ಬಂತು ಎಂಬ ಯೋಚನೆಯೇ ಬಂದಿರುವುದಿಲ್ಲ. ದಾನಿಯ ದೇಹ ಬಂದೊಡನೆ ಮೊದಲು ಕಾಗದಪತ್ರ ನೋಡಬೇಕು: ಮರಣ ಪ್ರಮಾಣಪತ್ರ, ದಾನದ ಒಪ್ಪಿಗೆ ಪತ್ರ, ಅಂಟುರೋಗಗಳ ವಿವರ. ಆಮೇಲೆ ತೊಡೆಸಂದಿನಲ್ಲಿ ಚಿಕ್ಕ ಸೀಳು ಹಾಕಿ, ಫೀಮರಲ್ ಅಪಧಮನಿಯನ್ನು ಹುಡುಕಿ, ಅದರೊಳಗೆ ಕ್ಯಾನುಲಾ ಎಂಬ ಸಣ್ಣ ಕೊಳವೆ ಇಳಿಸಿ ದಾರದಿಂದ ಬಿಗಿಯಬೇಕು. ಹೊರಬದಿಯಿಂದ ಒಳಕ್ಕೆ ನರ, ಅಪಧಮನಿ, ಅಭಿಧಮನಿ ಎಂಬ ಕ್ರಮ ನನಗೆ ಎಂದೋ ಬಾಯಿಪಾಠವಾಗಿತ್ತು. ಆ ಮೂರನ್ನೂ ಬೆರಳ ತುದಿಯಲ್ಲಿ ಬೇರೆಬೇರೆ ಮಾಡಿ ಹಿಡಿದಾಗ ಬಾಯಿಪಾಠಕ್ಕೆ ಮೈಬಂತು. ಅಪಧಮನಿಯ ಗೋಡೆ ದಪ್ಪ, ಹಿಚುಕಿ ಬಿಟ್ಟರೆ ಮತ್ತೆ ದುಂಡಗಾಗುತ್ತದೆ. ಅಭಿಧಮನಿ ತೆಳ್ಳಗೆ ಚಪ್ಪಟೆಯಾಗಿ ಬಿದ್ದಿರುತ್ತದೆ. ನರ ಗಟ್ಟಿಯಾದ ಹುರಿ. ಒಳಗೆ ಟೊಳ್ಳಿಲ್ಲವೆಂದು ಒತ್ತಿದ ಕೂಡಲೇ ತಿಳಿಯುತ್ತದೆ.

ದ್ರಾವಣ ಬೆರೆಸುವುದೂ ನಮ್ಮದೇ ಕೆಲಸವಾಗಿತ್ತು. ಫಾರ್ಮಾಲಿನ್ ಪ್ರೋಟೀನ್‌ಗಳನ್ನು ಒಂದಕ್ಕೊಂದು ಬೆಸೆದು ಕೊಳೆಯುವುದನ್ನು ತಡೆಯುತ್ತದೆ, ಫೀನಾಲ್ ಬೂಷ್ಟು ಹಿಡಿಯಲು ಬಿಡುವುದಿಲ್ಲ, ಗ್ಲಿಸರಿನ್ ತೇವ ಉಳಿಸುತ್ತದೆ, ಆಲ್ಕೋಹಾಲ್ ಮತ್ತು ನೀರು ಇವೆಲ್ಲವನ್ನೂ ಮೂಲೆಮೂಲೆಗೆ ಒಯ್ಯುತ್ತವೆ. ಫಾರ್ಮಾಲಿನ್ ಹೆಚ್ಚಾದರೆ ಸ್ನಾಯುಗಳು ಹಲಗೆಯಂತೆ ಬಿಗಿದುಕೊಳ್ಳುತ್ತವೆ, ಕಡಿಮೆಯಾದರೆ ದೇಹ ವರ್ಷಪೂರ್ತಿ ಉಳಿಯುವುದಿಲ್ಲ. ಹತ್ತು ಲೀಟರ್ ಅಥವಾ ಇನ್ನೂ ಹೆಚ್ಚಿನ ದ್ರಾವಣವನ್ನು ಅವಸರವಿಲ್ಲದೆ ಒಳಗೆ ಬಿಡಬೇಕು; ಒತ್ತಡ ಏರಿದರೆ ಸಣ್ಣ ರಕ್ತನಾಳಗಳು ಒಡೆದು ಅಂಗಾಂಶ ಊದಿಕೊಳ್ಳುತ್ತದೆ. ಕೈಕಾಲುಗಳನ್ನು ನೀವುತ್ತಾ, ದ್ರಾವಣ ಬೆರಳ ತುದಿಗಳವರೆಗೆ ತಲುಪಿತೇ ಎಂದು ಮುಟ್ಟಿ ನೋಡುತ್ತಾ ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ಫಾರ್ಮಾಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲ ವಸ್ತು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತೀರ್ಮಾನಿಸಿದೆ. ಮುಖಗವಸು, ಕೈಗವಸು, ಗಾಳಿ ಹೊರಹಾಕುವ ಫ್ಯಾನ್ ಇವು ಕಟ್ಟುನಿಟ್ಟಾಗಿ ಇರಲೇಬೇಕು. ಕಲಿಸುವವರು ಈ ಗಾಳಿಯನ್ನು ಒಂದು ವರ್ಷವಲ್ಲ, ವೃತ್ತಿಯಿಡೀ ಉಸಿರಾಡುತ್ತಾರೆ. ಆಸ್ಟ್ರಿಯಾದ ಗ್ರಾಜ್‌ನಲ್ಲಿ ವಾಲ್ಟರ್ ಥೀಲ್ 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಫಾರ್ಮಾಲಿನ್ ತೀರಾ ಕಡಿಮೆ. ಕೀಲುಗಳು ಮಡಚುತ್ತವೆ, ಬಣ್ಣ ಉಳಿಯುತ್ತದೆ. ಅನುಕೂಲವಿರುವ ವಿಭಾಗಗಳೆಲ್ಲ ಅತ್ತ ಹೊರಳಬೇಕೆಂಬುದು ನನ್ನ ಅಭಿಪ್ರಾಯ.

ಇನ್ನು ಡಿಸೆಕ್ಷನ್, ಅಂದರೆ ದೇಹವನ್ನು ಪದರ ಪದರವಾಗಿ ಬಿಡಿಸಿ ನೋಡುವುದು. ಪದವಿ ವಿದ್ಯಾರ್ಥಿಗಳ ತರಗತಿಗಿಂತ ಮೊದಲು ಅದೇ ಭಾಗವನ್ನು ನಾವೇ ಬೇರೊಂದು ದೇಹದಲ್ಲಿ ಬಿಡಿಸಿ ಸಿದ್ಧವಾಗಿರಬೇಕು ಎಂಬುದು ನಮ್ಮ ವಿಭಾಗದ ಕಟ್ಟಳೆ. ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಕಂಕುಳಿನಲ್ಲಿ. ಪೆಕ್ಟೊರಾಲಿಸ್ ಮೇಜರ್ ಸ್ನಾಯುವನ್ನು ಮಗುಚಿ, ಅದರಡಿಯ ಮೈನರ್ ಅನ್ನೂ ಮೇಲಕ್ಕೆ ತಿರುವಿದರೆ ಮೊದಲು ಕಾಣುವುದು ಹಳದಿ ಕೊಬ್ಬು, ಅದರಲ್ಲಿ ಹೂತುಹೋದ ದುಗ್ಧಗ್ರಂಥಿಗಳು. ಇಲ್ಲಿ ಬ್ಲೇಡ್ ಬದಿಗಿಡಬೇಕು. ಮೊಂಡು ಫೋರ್ಸೆಪ್ಸ್‌ನ ತುದಿಯನ್ನು ಮುಚ್ಚಿ ಒಳಗಿಳಿಸಿ, ನಿಧಾನವಾಗಿ ತೆರೆಯುತ್ತಾ ಕೊಬ್ಬನ್ನು ಅಗಲಿಸಬೇಕು. ನರ ಎಳೆತಕ್ಕೆ ತಡೆದುಕೊಳ್ಳುತ್ತದೆ, ಕೊಬ್ಬು ಬಿಟ್ಟುಕೊಡುತ್ತದೆ. ಆಕ್ಸಿಲರಿ ಅಭಿಧಮನಿಯ ಚಿಕ್ಕ ಕವಲುಗಳನ್ನು ತೆಗೆದು ಜಾಗ ಮಾಡಿಕೊಂಡರೆ ಅಪಧಮನಿಯನ್ನು ಸುತ್ತುವರಿದ ಬ್ರೇಕಿಯಲ್ ಪ್ಲೆಕ್ಸಸ್‌ನ, ಅಂದರೆ ತೋಳಿಗೆ ಹೋಗುವ ನರಗಳ ಹೆಣಿಗೆಯ, ಮೂರು ಕಟ್ಟುಗಳು ಸಿಗುತ್ತವೆ. ಆದರೆ ಯಾವುದು ಯಾವ ಕಟ್ಟು ಎಂದು ಕಟ್ಟನ್ನೇ ನೋಡಿ ಹೇಳುವುದು ಕಷ್ಟ. ಕೆಳಗಿನಿಂದ ಮೇಲಕ್ಕೆ ಬರಬೇಕು. ಕೊರಾಕೊಬ್ರೇಕಿಯಾಲಿಸ್ ಸ್ನಾಯುವನ್ನು ತೂರಿ ಹೋಗುವ ಮಸ್ಕ್ಯುಲೋಕ್ಯುಟೇನಿಯಸ್ ನರ, ಎರಡು ಬೇರುಗಳಿಂದ ಕೂಡಿಬರುವ ಮೀಡಿಯನ್ ನರ, ಒಳಬದಿಯಲ್ಲಿ ಅಲ್ನಾರ್ ನರ. ಇವು ಸೇರಿ ಅಪಧಮನಿಯ ಮುಂದೆ ಇಂಗ್ಲಿಷಿನ ಎಂ ಅಕ್ಷರ ಬರೆಯುತ್ತವೆ. ಆ ಅಕ್ಷರ ಸಿಕ್ಕಿತೆಂದರೆ ಉಳಿದದ್ದೆಲ್ಲ ತಾನಾಗಿ ಜೋಡಿಸಿಕೊಳ್ಳುತ್ತದೆ.

ಒಂದು ದೇಹದಲ್ಲಿ ಆ ಅಕ್ಷರವೇ ಸಿಗಲಿಲ್ಲ. ಕೊರಾಕೊಬ್ರೇಕಿಯಾಲಿಸ್ ಇಡಿಯಾಗಿತ್ತು, ಅದನ್ನು ಯಾವ ನರವೂ ತೂರಿರಲಿಲ್ಲ. ಎಷ್ಟು ಹುಡುಕಿದರೂ ಮಸ್ಕ್ಯುಲೋಕ್ಯುಟೇನಿಯಸ್ ನರವಿಲ್ಲ. ತೋಳಿನ ಮುಂಭಾಗದ ಸ್ನಾಯುಗಳಿಗೆಲ್ಲ ಮೀಡಿಯನ್ ನರದಿಂದಲೇ ನೇರವಾಗಿ ಕವಲುಗಳು ಹೋಗಿದ್ದವು. ನಮ್ಮ ಪ್ರಾಧ್ಯಾಪಕಿಯನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ, "ಇದನ್ನು ಹಾಗೆಯೇ ಇಡಿ. ನಾಳೆ ವಿದ್ಯಾರ್ಥಿಗಳಿಗೆ ಏನನ್ನೂ ಹೇಳಬೇಡಿ, ಅವರೇ ಹುಡುಕಲಿ" ಎಂದರು. ಮರುದಿನ ಆ ಮೇಜಿನ ಸುತ್ತ ಅರ್ಧ ಗಂಟೆ ವಾದ ನಡೆಯಿತು. ನರ ತುಂಡಾಗಿರಬೇಕು ಎಂದು ಒಬ್ಬ. ತುಂಡಾಗಿದ್ದರೆ ತುದಿ ಎಲ್ಲಿ ಎಂದು ಇನ್ನೊಬ್ಬಳು. ಕೊನೆಗೆ ಒಬ್ಬಳು ಬೈಸೆಪ್ಸ್‌ನಿಂದ ಹಿಂದಕ್ಕೆ ಕವಲನ್ನು ಹಿಡಿದು ಬಂದು ಮೀಡಿಯನ್ ನರದಲ್ಲಿ ನಿಂತಳು. ಪುಸ್ತಕದಲ್ಲಿರುವುದು ಹೆಚ್ಚಿನವರ ದೇಹ, ಎಲ್ಲರ ದೇಹವಲ್ಲ ಎಂದು ನಾನು ಹತ್ತು ಸಲ ಹೇಳಿದ್ದರೂ ಅವರಿಗೆ ಅಷ್ಟು ನಾಟುತ್ತಿರಲಿಲ್ಲ. ಮುಂದೆ ಅವರಲ್ಲಿ ಯಾರಾದರೂ ಶಸ್ತ್ರವೈದ್ಯರಾದರೆ ಆ ಮೇಜು ಅವರ ನೆನಪಿಗೆ ಬಂದೇ ಬರುತ್ತದೆ ಎಂಬ ನಂಬಿಕೆ ನನಗಿದೆ.

ಮೇಡಂ ನನಗೆ ಕಲಿಸಿದ ಮುಖ್ಯ ಸಂಗತಿ ಇದೇ. ವಿದ್ಯಾರ್ಥಿ "ಇದು ಯಾವುದು?" ಎಂದು ಕೇಳಿದಾಗ ಹೆಸರು ಹೇಳುವುದು ಸುಲಭ, ಫೋರ್ಸೆಪ್ಸ್ ಕಸಿದುಕೊಂಡು ನಾವೇ ಬಿಡಿಸಿ ತೋರಿಸುವುದು ಇನ್ನೂ ಸುಲಭ. ಅವರು ಮಾತ್ರ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೇಜಿನ ಬಳಿ ನಿಲ್ಲುತ್ತಿದ್ದರು. "ಎಲ್ಲಿಂದ ಬರುತ್ತಿದೆ ನೋಡು. ಎಲ್ಲಿಗೆ ಹೋಗುತ್ತಿದೆ ನೋಡು. ಈಗ ಹೇಳು." ಇಷ್ಟೇ. ಕೈ ಕಟ್ಟಿ ನಿಲ್ಲುವುದು ಎಷ್ಟು ಕಠಿಣವೆಂದು ಅದನ್ನು ಅಭ್ಯಾಸ ಮಾಡಿದವರಿಗೇ ಗೊತ್ತು. ವಿಷಯ ತಿಳಿದವರ ಬೆರಳುಗಳು ತಾವಾಗಿಯೇ ಮುಂದೆ ಬರುತ್ತವೆ.

ಅಂಗರಚನಾಶಾಸ್ತ್ರದ ಇತಿಹಾಸವನ್ನೂ ತರಬೇತಿಯ ಭಾಗವಾಗಿ ಓದಿದೆವು, ಅಲ್ಲಿಯೂ ಇದೇ ಪ್ರಶ್ನೆ ಎದುರಾಯಿತು. ಹದಿನಾರನೆಯ ಶತಮಾನದವರೆಗೆ ಯೂರೋಪಿನ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕ ಎತ್ತರದ ಪೀಠದಲ್ಲಿ ಕುಳಿತು ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್‌ನ ಗ್ರಂಥವನ್ನು ಓದುತ್ತಿದ್ದ. ಕೆಳಗೆ ಕ್ಷೌರಿಕ ಶಸ್ತ್ರವೈದ್ಯನೊಬ್ಬ ದೇಹವನ್ನು ಕತ್ತರಿಸುತ್ತಿದ್ದ. ಓದುವವನು ಮುಟ್ಟುತ್ತಿರಲಿಲ್ಲ, ಮುಟ್ಟುವವನು ಓದಿರಲಿಲ್ಲ. ಗ್ಯಾಲೆನ್ ಕೋತಿ, ಹಂದಿಗಳನ್ನು ಬಿಡಿಸಿ ನೋಡಿ ಬರೆದಿದ್ದ. ಅದಕ್ಕೇ ಮನುಷ್ಯನ ಕೆಳದವಡೆಯೂ ಎರಡು ಮೂಳೆಗಳಿಂದಾದದ್ದು ಎಂಬ ಮಾತು ಶತಮಾನಗಳ ಕಾಲ ಪಾಠವಾಗಿ ಉಳಿಯಿತು. ಪಾದುವಾದಲ್ಲಿ ಕಲಿಸುತ್ತಿದ್ದ ಆಂಡ್ರಿಯಾಸ್ ವೆಸೇಲಿಯಸ್ ಪೀಠದಿಂದಿಳಿದು ತಾನೇ ಕತ್ತಿ ಹಿಡಿದ. 1543ರಲ್ಲಿ ಪ್ರಕಟವಾದ ಅವನ ಮಹಾಗ್ರಂಥದ ಮುಖಪುಟದ ಚಿತ್ರದಲ್ಲಿ ಜನರ ನಡುವೆ ದೇಹದ ಪಕ್ಕದಲ್ಲಿ ಅವನ ಕೈಯಿದೆ. ದವಡೆ ಒಂದೇ ಮೂಳೆ ಎಂದು ಅವನು ನೋಡಿ ಹೇಳಿದ. ಶಿಕ್ಷಕ ಕೆಳಗಿಳಿಯಲು ಅಷ್ಟು ಕಾಲ ಬೇಕಾಯಿತು. ವಿದ್ಯಾರ್ಥಿಯ ಕೈಗೆ ಉಪಕರಣ ಕೊಟ್ಟು ಶಿಕ್ಷಕ ಹಿಂದೆ ಸರಿಯುವುದು ಅದರ ಮುಂದಿನ ಹೆಜ್ಜೆ ಎಂದು ನಾನು ತಿಳಿದಿದ್ದೇನೆ.

ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಹಿಸ್ಟಾಲಜಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಾಂಶವನ್ನು ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮ್‌ನಲ್ಲಿ ಐದು ಮೈಕ್ರಾನ್ ದಪ್ಪಕ್ಕೆ ಕೊಯ್ದು, ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಗಾಜಿನ ಪಟ್ಟಿಯ ಮೇಲೆ ಎತ್ತಿಕೊಂಡು ಹಿಮಟಾಕ್ಸಿಲಿನ್, ಇಯೋಸಿನ್ ಬಣ್ಣ ಹಾಕುವವರೆಗೆ ಎಲ್ಲವನ್ನೂ ನಾವೇ ಮಾಡಿದೆವು. ಸ್ವತಃ ಕೊಯ್ದವರಿಗೆ ಸ್ಲೈಡ್‌ನ ಮೇಲಿನ ಮಡಿಕೆ ಯಾವುದು, ಬಿರುಕು ಯಾವುದು, ನಿಜವಾದ ರಚನೆ ಯಾವುದು ಎಂಬುದು ಗೊತ್ತಾಗುತ್ತದೆ. ವಿದ್ಯಾರ್ಥಿಗಳು ಗೊಂದಲಕ್ಕೆ ಬೀಳುವುದು ಅಲ್ಲಿಯೇ.

ಭ್ರೂಣಶಾಸ್ತ್ರ ಮಾತ್ರ ನನ್ನನ್ನು ಪೂರ್ತಿಯಾಗಿ ಸೆಳೆದುಕೊಂಡಿತು. ಕುತ್ತಿಗೆಯ ಧ್ವನಿಪೆಟ್ಟಿಗೆಗೆ ಹೋಗುವ ಎಡಗಡೆಯ ರಿಕರೆಂಟ್ ಲೆರಿಂಜಿಯಲ್ ನರವನ್ನೇ ನೋಡಿ. ಕುತ್ತಿಗೆಯನ್ನು ದಾಟಿ ಎದೆಗೂಡಿಗೆ ಇಳಿದ ವೇಗಸ್ ನರದಿಂದ ಕವಲೊಡೆದು, ಮಹಾಪಧಮನಿಯ ಕಮಾನನ್ನು ಬಳಸಿ, ಮತ್ತೆ ಕುತ್ತಿಗೆಗೆ ಹತ್ತುತ್ತದೆ. ಬಲಗಡೆಯದು ಸಬ್‌ಕ್ಲೇವಿಯನ್ ಅಪಧಮನಿಯನ್ನು ಬಳಸಿ ಬೇಗ ಹಿಂದಿರುಗುತ್ತದೆ. ಪದವಿಯಲ್ಲಿ ಇದನ್ನು ಉರು ಹೊಡೆದಿದ್ದೆ. ಕಾರಣ ಭ್ರೂಣದಲ್ಲಿದೆ. ಆ ಹಂತದಲ್ಲಿ ಕುತ್ತಿಗೆ ಎಂಬುದೇ ಇರುವುದಿಲ್ಲ. ಹೃದಯ ತಲೆಯ ಪಕ್ಕದಲ್ಲೇ ಇರುತ್ತದೆ, ಅದರ ಬಳಿಯ ಆರು ಜೊತೆ ಕಮಾನಿನಾಕಾರದ ಅಪಧಮನಿಗಳಲ್ಲಿ ಆರನೆಯದರ ಕೆಳಗಿನಿಂದ ನರ ಸಹಜವಾಗಿ ಹಾದುಹೋಗಿರುತ್ತದೆ. ಹೃದಯ ಎದೆಗೆ ಇಳಿಯುವಾಗ ಆ ಅಪಧಮನಿ ನರವನ್ನೂ ಜೊತೆಗೆ ಎಳೆದೊಯ್ಯುತ್ತದೆ. ಬಲಗಡೆ ಆರನೆಯ ಕಮಾನಿನ ಆ ಭಾಗವೂ ಐದನೆಯದೂ ಮರೆಯಾಗುವುದರಿಂದ ನರ ನಾಲ್ಕನೆಯದಕ್ಕೆ, ಅಂದರೆ ಸಬ್‌ಕ್ಲೇವಿಯನ್‌ಗೆ, ಸಿಕ್ಕಿಕೊಳ್ಳುತ್ತದೆ. ಜಿರಾಫೆಯಲ್ಲೂ ಇದೇ ಕಥೆ, ಅಲ್ಲಿ ನರದ ಉದ್ದ ಕೆಲವು ಮೀಟರ್.

ಇದನ್ನು ಕರಿಹಲಗೆಯ ಮೇಲೆ ಕಲಿಸುವುದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೇನೆ. ಕೆಂಪು ಸೀಮೆಸುಣ್ಣದಲ್ಲಿ ಅಪಧಮನಿ, ನೀಲಿಯಲ್ಲಿ ಅಭಿಧಮನಿ, ಹಳದಿಯಲ್ಲಿ ನರ, ಹಸಿರಿನಲ್ಲಿ ದುಗ್ಧನಾಳ. ಚಿತ್ರವನ್ನು ಮೊದಲೇ ಬಿಡಿಸಿಟ್ಟುಕೊಂಡರೆ ಪ್ರಯೋಜನವಿಲ್ಲ. ಆರು ಜೊತೆ ಕಮಾನುಗಳನ್ನು ಬರೆದು, ನರವನ್ನು ಎಳೆದು, ಒಂದೊಂದೇ ಕಮಾನನ್ನು ಒರೆಸುತ್ತಾ ಹೋಗಬೇಕು. ಪ್ರತಿ ಬಾರಿ ಒರೆಸುವ ಮುಂಚೆ "ಈಗ ನರ ಎಲ್ಲಿ ನಿಲ್ಲುತ್ತದೆ?" ಎಂದು ಕೇಳಿ ಕಾಯಬೇಕು. ಬಲಗಡೆಯ ಆರನೆಯದನ್ನು ಒರೆಸಿದಾಗ ಹಿಂದಿನ ಬೆಂಚಿನಿಂದಲೂ ಉತ್ತರ ಬರುತ್ತದೆ. ಪರದೆಯ ಮೇಲೆ ಸಿದ್ಧಚಿತ್ರ ಬಿಟ್ಟು ಬಾಣದ ಗುರುತು ತೋರಿಸಿದ ತರಗತಿಗಳಲ್ಲಿ ನಾನು ಆ ಉತ್ತರ ಕೇಳಿಲ್ಲ. ಎಡ ಶ್ವಾಸಕೋಶದ ಗಡ್ಡೆಯೊಂದು ಧ್ವನಿಯನ್ನು ಯಾಕೆ ಕೆಡಿಸುತ್ತದೆ ಎಂದು ಆಮೇಲೆ ಕೇಳಿದರೆ ಅವರೇ ವಿವರಿಸುತ್ತಾರೆ.

ಕಾಯುವುದಕ್ಕೂ ತರಬೇತಿಯಿದೆ. ಬೋಧನಾ ವಿಧಾನದ ಕಾರ್ಯಾಗಾರಗಳಲ್ಲಿ ಮೈಕ್ರೋಟೀಚಿಂಗ್ ಮಾಡಿಸುತ್ತಾರೆ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪದ್ಧತಿಯದು. ಐದಾರು ನಿಮಿಷದ ಪಾಠ, ಒಂದೇ ಕೌಶಲದ ಮೇಲೆ ಗಮನ, ಸಹಪಾಠಿಗಳ ಟಿಪ್ಪಣಿ, ತಿದ್ದಿಕೊಂಡು ಮತ್ತೊಮ್ಮೆ ಅದೇ ಪಾಠ. ಒಂದು ದಿನ ಪ್ರಶ್ನೆ ಕೇಳುವುದನ್ನಷ್ಟೇ ಅಭ್ಯಾಸ ಮಾಡಿದೆವು. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಉತ್ತರಗಳು ದೀರ್ಘವಾಗುತ್ತವೆ, ಹೆಚ್ಚು ಮಂದಿ ಬಾಯಿಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಗಡಿಯಾರ ಹಿಡಿದು ಒಬ್ಬರಿಗೊಬ್ಬರು ಅಳೆದುಕೊಂಡೆವು. ಹಲಗೆಯ ಮುಂದೆ ನಿಂತವರಿಗೆ ಮೂರು ಸೆಕೆಂಡಿನ ಮೌನ ಬಹಳ ದೊಡ್ಡದು. ಮೇಡಂ ಬೆನ್ನ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದುದು ಇದನ್ನೇ ಮೈಯಿಂದ ಮಾಡುತ್ತಿದ್ದುದು ಎಂದು ಆಗ ಹೊಳೆಯಿತು.

ಪರೀಕ್ಷೆ ರೂಪಿಸುವುದನ್ನೂ ಕಲಿಯಬೇಕು. ಇದಕ್ಕೆ ಸಿಗಬೇಕಾದಷ್ಟು ಮಹತ್ವ ಎಲ್ಲೂ ಸಿಗುತ್ತಿಲ್ಲ ಎಂಬುದು ನನ್ನ ಕೊರಗು. ಸ್ಪಾಟರ್ ಪರೀಕ್ಷೆಯಲ್ಲಿ ಗಂಟೆ ಬಾರಿಸಿದ ಹಾಗೆ ವಿದ್ಯಾರ್ಥಿಗಳು ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುತ್ತಾರೆ. ನರಕ್ಕೆ ಬಣ್ಣದ ದಾರ ಕಟ್ಟಿ "ಇದನ್ನು ಗುರುತಿಸಿ" ಎಂದು ಬರೆದಿಡುವುದು ರೂಢಿ. ಅದೇ ರೇಡಿಯಲ್ ನರಕ್ಕೆ ಅದೇ ದಾರ ಕಟ್ಟಿ "ತೋಳಿನ ಮೂಳೆಯ ನಡುಭಾಗ ಮುರಿದು ಇದಕ್ಕೆ ಪೆಟ್ಟಾದರೆ ರೋಗಿ ಏನು ಮಾಡಲಾರ?" ಎಂದು ಕೇಳಿದರೆ, ವಿದ್ಯಾರ್ಥಿ ನರವನ್ನು ಗುರುತಿಸಿ, ಅದು ಯಾವ ಸ್ನಾಯುಗಳಿಗೆ ಹೋಗುತ್ತದೆಂದು ನೆನೆದು, ಮಣಿಕಟ್ಟನ್ನು ಹಿಂದಕ್ಕೆ ಎತ್ತಲಾರ ಎಂದು ಬರೆಯಬೇಕಾಗುತ್ತದೆ. ಅವರು ಹೇಗೆ ಓದಬೇಕೆಂದು ನಾವು ಎಷ್ಟೇ ಉಪದೇಶ ಮಾಡಿದರೂ, ಏನು ಕೇಳುತ್ತೇವೋ ಅದನ್ನೇ ಅವರು ಓದುತ್ತಾರೆ.

ಪ್ರಬಂಧದ ಕೆಲಸ ಉದ್ದದ್ದು, ಹೇಳುವುದು ಚಿಕ್ಕದು. ಉದ್ದ ಮೂಳೆಗಳಲ್ಲಿ ಪೋಷಕ ರಕ್ತನಾಳ ಒಳಹೋಗುವ ರಂಧ್ರಗಳ ಸ್ಥಾನವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದೆ. ಅಳೆದದ್ದನ್ನು ಕೆಲವು ವಾರ ಬಿಟ್ಟು ಮತ್ತೆ ಅಳೆಯುವುದು, ಇನ್ನೊಬ್ಬರಿಂದ ಅಳೆಸಿ ಹೋಲಿಸುವುದು, ವ್ಯತ್ಯಾಸವನ್ನು ಸಂಖ್ಯಾಶಾಸ್ತ್ರದಿಂದ ಲೆಕ್ಕ ಹಾಕುವುದು. ಈ ಶಿಸ್ತು ಪ್ರಬಂಧದ ಫಲಿತಾಂಶಕ್ಕಿಂತ ಹೆಚ್ಚಿನ ಲಾಭ.

ದೇಹ ಕೊಟ್ಟವರ ವಿಷಯ ಹೇಳದೆ ಈ ಬರಹ ಪೂರ್ಣವಾಗುವುದಿಲ್ಲ. 1828ರಲ್ಲಿ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಹದಿನಾರು ಮಂದಿಯನ್ನು ಕೊಂದು ಶವಗಳನ್ನು ಅಂಗರಚನಾಶಾಸ್ತ್ರದ ಶಿಕ್ಷಕನೊಬ್ಬನಿಗೆ ಮಾರಿದ್ದರು. ಕೊಂಡವನು ನಮ್ಮದೇ ವೃತ್ತಿಯವನು. ಆ ಬಳಿಕ 1832ರಲ್ಲಿ ಬ್ರಿಟನ್ನಿನಲ್ಲಿ ಬಂದ ಕಾನೂನು ವಾರಸುದಾರರಿಲ್ಲದ ಬಡವರ ದೇಹಗಳನ್ನು ಮೇಜಿಗೆ ತಂದಿತು. ಕೊಲೆ ತಪ್ಪಿತು, ಒಪ್ಪಿಗೆ ಮಾತ್ರ ಬರಲಿಲ್ಲ. ಸ್ವಇಚ್ಛೆಯಿಂದ, ತಿಳಿದು ಒಪ್ಪಿ ಕೊಟ್ಟ ದೇಹಗಳನ್ನೇ ಬಳಸಬೇಕೆಂದು ಅಂಗರಚನಾಶಾಸ್ತ್ರಜ್ಞರ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ 2012ರಲ್ಲಿ ಶಿಫಾರಸು ಮಾಡಿತು. ಇದನ್ನು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳಬೇಕೆಂದು ನಾನು ಪಟ್ಟುಹಿಡಿಯುತ್ತೇನೆ. ಮೊದಲ ದಿನ ಯಾರಾದರೂ ಹೊರಗೆ ಹೋಗಿ ನಿಂತರೆ ಅವರನ್ನು ಅವಸರಪಡಿಸಬಾರದು, ನಗಬಾರದು. ಅಂಥ ಒಬ್ಬ ವಿದ್ಯಾರ್ಥಿನಿಯ ಜೊತೆ ನಾನು ಮೊಗಸಾಲೆಯಲ್ಲಿ ಕುಳಿತಿದ್ದೆ. "ಸರ್, ಇವರು ಯಾಕೆ ಕೊಟ್ಟರು?" ಎಂದು ಕೇಳಿದಳು. ನೀವು ಕಲಿಯಲಿ ಎಂದು, ಎಂದೆ. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಬಂದು ಬಟ್ಟೆ ಸರಿಸುವ ಕೆಲಸವನ್ನು ತಾನೇ ವಹಿಸಿಕೊಂಡಳು.

ಮೂರು ಆಯಾಮದ ಚಿತ್ರ ತೋರಿಸುವ ಡಿಜಿಟಲ್ ಮೇಜುಗಳು ಬಂದಿರುವಾಗ ದೇಹವೇ ಏಕೆ ಎಂದು ಕೇಳುವವರಿದ್ದಾರೆ. ಆ ಮೇಜುಗಳನ್ನು ನಾನೂ ಬಳಸುತ್ತೇನೆ, ಸಿಟಿ ಸ್ಕ್ಯಾನ್ ಓದಲು ಕಲಿಸುವಾಗ ಅವು ಬಹಳ ಅನುಕೂಲ. ಆದರೆ ಅಲ್ಲಿ ಪ್ರತಿ ನರಕ್ಕೂ ಮೊದಲೇ ಹೆಸರಿದೆ, ಕೊಬ್ಬಿಲ್ಲ, ಹುಡುಕಾಟವಿಲ್ಲ. ಮಸ್ಕ್ಯುಲೋಕ್ಯುಟೇನಿಯಸ್ ನರವಿಲ್ಲದ ಆ ತೋಳು ಅಲ್ಲಿ ಎದುರಾಗುವ ಸಂಭವ ಕಡಿಮೆ.

ಈಗ ನಾನೇ ತರಗತಿ ತೆಗೆದುಕೊಳ್ಳುತ್ತಿದ್ದೇನೆ. ಕಲಿಸಲು ಅತಿ ಕಷ್ಟವೆನಿಸುವುದು ಪೆಲ್ವಿಸ್, ಅಂದರೆ ಸೊಂಟದ ಮೂಳೆಗೂಡು. ಅಲ್ಲಿನ ಪ್ಯುಡೆಂಡಲ್ ನರ ದೊಡ್ಡ ಸಯಾಟಿಕ್ ರಂಧ್ರದಿಂದ ಹೊರಬಂದು, ಇಸ್ಕಿಯಲ್ ಸ್ಪೈನ್ ಎಂಬ ಮೊನೆಯ ಹಿಂದೆ ಸುತ್ತಿ, ಚಿಕ್ಕ ರಂಧ್ರದಿಂದ ಮತ್ತೆ ಒಳಗೆ ಹೋಗುತ್ತದೆ. ಹೊರಬಂದದ್ದು ಮತ್ತೆ ಒಳಗೇಕೆ ಹೋಯಿತು ಎಂದು ಪ್ರತಿ ವರ್ಷವೂ ತಕರಾರು. ಒಣಮೂಳೆಯ ಪೆಲ್ವಿಸ್‌ಗೆ ಎರಡು ಅಗಲ ಲಾಡಿಗಳನ್ನು ಮೂಳೆಗಳನ್ನು ಬಂಧಿಸುವ ಲಿಗಮೆಂಟ್‌ಗಳ ಜಾಗದಲ್ಲಿ ಬಿಗಿದು, ಹಳದಿ ದಾರವೊಂದನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತೇನೆ. ಲಾಡಿ ಕಟ್ಟಿದ ಮೇಲೆಯೇ ಆ ಎರಡು ರಂಧ್ರಗಳು ರಂಧ್ರಗಳಾಗಿ ಕಾಣುವುದು. ದಾರವನ್ನು ಒಂದರಿಂದ ಹೊರಗೆಳೆದು, ಮೊನೆಯನ್ನು ಬಳಸಿ, ಇನ್ನೊಂದರಿಂದ ಒಳಗೆ ತೂರಿಸಿದವರಿಗೆ ಹೆರಿಗೆಯ ಸಮಯದಲ್ಲಿ ವೈದ್ಯರು ನೋವು ತಡೆಯುವ ಚುಚ್ಚುಮದ್ದನ್ನು ಆ ಮೊನೆಯ ಬಳಿಯೇ ಏಕೆ ಕೊಡುತ್ತಾರೆ ಎಂದು ಹೇಳಿಕೊಡಬೇಕಾಗಿಲ್ಲ. ಒಂದು ಪೆಲ್ವಿಸ್‌ಗೆ ನಾಲ್ಕು ಮಂದಿಗಿಂತ ಹೆಚ್ಚಾದರೆ ದಾರ ಎಲ್ಲರ ಕೈಗೂ ಬರುವುದಿಲ್ಲ. ಆದ್ದರಿಂದ ಮುಂದಿನ ತಂಡ ಬರುವಷ್ಟರಲ್ಲಿ 3ಡಿ ಮುದ್ರಣದ ಮಾದರಿಗಳನ್ನು ಮಾಡಿಸಿಕೊಡಿ ಎಂದು ವಿಭಾಗಕ್ಕೆ ಮನವಿ ಬರೆದು ಕೊಟ್ಟಿದ್ದೇನೆ.